ಗ್ಯಾಝೆಟಿಯರಿನ ಜಾತ್ರೆ: ಒಂದು ವಿಮರ್ಶೆ

ಘೋಡಗೇರಿಯ ಸುತ್ತಲಿನ ಹುಕ್ಕೇರಿ-ಗೋಕಾವಿ ಸೀಮೆಯ ಜಾತ್ರೆಗಳನ್ನು ಅಭ್ಯಸಿಸತೊಡಗುವವರು ಮೊದಲು ತೆರೆಯುವುದು 1884ರ ಮುಂಬಯಿ ಪ್ರಾಂತದ ಗ್ಯಾಝೆಟಿಯರಿನ ಬೆಳಗಾವಿ ಸಂಪುಟವನ್ನು. ಅದರ ಶ್ರಮವನ್ನು ನಾವು ಅಲ್ಲಗಳೆಯಲಾರೆವು. ಆದರೆ ಅದರ ದೃಷ್ಟಿ ಮುಖ್ಯವಾಗಿ ಆಡಳಿತಗಾರನದು: ಸ್ಥಳ, ತಿಂಗಳು, ಜನಸಂದಣಿ, ವ್ಯಾಪಾರ.

ಜಿಲ್ಲೆಯ ಮಹಾಜಾತ್ರೆ ನೆರೆಯುವ ಸವದತ್ತಿಯ ಯಲ್ಲಮ್ಮನ ಗುಡ್ಡವನ್ನೇ ನೋಡೋಣ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ, ಪತಿಯಾದ ಜಮದಗ್ನಿಯ ಮರಣದ ನೆನಪಿನಲ್ಲಿ, ದೇವಿ ವಿಧವೆಯಾಗುವಳು. ಭಕ್ತೆಯರು ಬಳೆ ಒಡೆದುಕೊಳ್ಳುವರು. ಪುಷ್ಯದಲ್ಲಿ ಬನದ ಹುಣ್ಣಿಮೆ. ಮಾಘದ ಭಾರತ ಹುಣ್ಣಿಮೆಗೆ ಆಕೆ ಮರಳಿ ಮುತ್ತೈದೆ. ಹಸಿರು ಬಳೆಗಳು ಮತ್ತೆ ಕೈಗೇರುವವು. ಇವನ್ನು ಬೇರೆಬೇರೆ ಜಾತ್ರೆಗಳೆಂದು ಎಣಿಸಿದರೆ ಕಥೆಯೇ ತುಂಡಾಗುವುದು. ಜನರಾದರೋ ಮೊದಲನೆಯದನ್ನು ರಂಡಿ ಹುಣ್ಣಿಮೆ, ಕೊನೆಯದನ್ನು ಮುತ್ತೈದೆ ಹುಣ್ಣಿಮೆ ಎಂದು ಜೋಡಿಯಾಗಿಯೇ ಕರೆಯುತ್ತ ಬಂದಿದ್ದಾರೆ.

ದೇವಿಯ ವೈಧವ್ಯಕ್ಕೆ ಎರಡು ತಿಂಗಳ ಅವಧಿ. ಗುಡ್ಡವೇರಿ ಬಂದ ನಿಜವಾದ ವಿಧವೆಗೆ ಅಂಥ ಹುಣ್ಣಿಮೆಯಿಲ್ಲ. ಅತ್ತ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿದ ಹೆಣ್ಣನ್ನು ನಿತ್ಯಮುತ್ತೈದೆ ಎಂದರು. ಆ ಪದ್ಧತಿಯನ್ನು ಮುಂಬಯಿಯ 1934ರ ಮತ್ತು ಕರ್ನಾಟಕದ 1982ರ ಕಾಯಿದೆಗಳು ನಿಷೇಧಿಸಬೇಕಾಯಿತು. ಇದನ್ನು ಬಿಟ್ಟು ತೇರು-ಪಲ್ಲಕ್ಕಿಗಳ ವರ್ಣನೆಯಲ್ಲಿಯೇ ತೃಪ್ತರಾಗುವ ನಮ್ಮ ಇಂದಿನ ಪ್ರಬಂಧಗಳೂ, ಹೇಳಲು ಸಂಕೋಚವಾದರೂ, ಆ ಹಳೆಯ ಪಟ್ಟಿಯನ್ನೇ ಕನ್ನಡಿಸುತ್ತಿವೆ.