ಆರು ಕಟ್ಟಿಗೆ ಡಬ್ಬಿಗಳು

ಆಟದ ರೈಲು ಎಂದೊಡನೆ ನಮ್ಮ ಹೆಣ್ಣುಮಕ್ಕಳು ‘ಗಂಡಸರಿಗೆ ಬ್ಯಾರೆ ಉದ್ಯೋಗ ಇಲ್ಲೇನು’ ಎಂದು ನಗುತ್ತಾರೆ. ನಗಲಿ. ಆದರೆ ರಂಗೋಲಿಯ ಎಳೆ, ಕಸೂತಿಯ ಹೊಲಿಗೆ ನೋಡಿ ಬೆಲೆ ಕಟ್ಟಬಲ್ಲ ನಾವು ಕಟ್ಟಿಗೆಯಲ್ಲಿ ಮಾಡಿದ ಒಂದು ಗೂಡ್ಸ್ ಡಬ್ಬಿಯನ್ನೂ ಅದೇ ಕಣ್ಣಿನಿಂದ ನೋಡಬಹುದೆಂಬುದು ನನ್ನ ವಾದ. ಬೆಳಗಾವಿಯ ತಿಲಕವಾಡಿಯಲ್ಲಿ, ರೈಲ್ವೆ ಗೇಟಿನ ಸದ್ದು ಕೇಳುವಷ್ಟು ಸನಿಹದ ಮನೆಯಲ್ಲಿ, ನಮ್ಮ ಪರಿಚಯದ ನಿವೃತ್ತರೊಬ್ಬರು ನಾಲ್ಕು ವರ್ಷ ಕೂತು ಇಂಥ ಆರು ಡಬ್ಬಿಗಳನ್ನು ಮಾಡಿದ್ದಾರೆ. ಅಂಗಡಿಯಿಂದ ತಂದದ್ದು ಹಳಿ ಮತ್ತು ಗಾಲಿ ಮಾತ್ರ. ಮಾಳಿಗೆಯ ಮೇಲೆ ಹಲಗೆ ಹಾಸಿ, ಹಳಿ ಕೂಡಿಸಿ, ‘ಖಾನಾಪುರ ಸ್ಟೇಷನ್, ಮೀಟರ್ ಗೇಜಿನ ಕಾಲ’ ಎಂದು ಫಲಕ ಬರೆದಿದ್ದಾರೆ.

ಆ ಫಲಕವನ್ನು ನಂಬಿಯೇ ನಾನು ಈ ವಿಮರ್ಶೆಗೆ ಕೂತದ್ದು. ಖಾನಾಪುರದ ಶಾಲೆಗೆ ಹೋಗಿಬರುತ್ತಿದ್ದ ಕಾಲದಲ್ಲಿ ದೇಸೂರು, ಇದಲಹೊಂಡ ದಾಟಿ ಹೋಗುವ ಆ ಸಣ್ಣ ಹಳಿಯ ಗಾಡಿ ನನಗೆ ನಿತ್ಯದ ಮಾತಾಗಿತ್ತು. 1990ರ ದಶಕದಲ್ಲಿ ಅದು ಬ್ರಾಡ್ ಗೇಜ್ ಆಯಿತು.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಪೇಟೆಯಲ್ಲಿ ಸಿಗುವ ಆಟದ ಹಳಿಯ ಅಗಲ ಸಾಮಾನ್ಯವಾಗಿ 16.5 ಮಿಲಿಮೀಟರ್. ಅದು ಪರದೇಶದ 1435 ಮಿಲಿಮೀಟರಿನ ಹಳಿಯನ್ನು ಎಂಬತ್ತೇಳು ಪಾಲು ಕಿರಿದು ಮಾಡಿದ್ದು. ಅದರ ಮೇಲೆ ಅದೇ ಅಳತೆಯಲ್ಲಿ ನಮ್ಮ ಮೀಟರ್ ಗೇಜ್ ಡಬ್ಬಿ ಇಟ್ಟರೆ, ಅಕ್ಕನ ಬಳೆ ತಂಗಿಯ ಕೈಗೆ ತೊಡಿಸಿದಂತಾಗುತ್ತದೆ. ಇವರು ಲೆಕ್ಕ ತಿರುಗಿಸಿದರು. ಅದೇ ಹಳಿ ಒಂದು ಮೀಟರ್ ಎಂದು ಹಿಡಿದು ಉಳಿದೆಲ್ಲವನ್ನೂ ಅರವತ್ತು ಪಾಲು ಕಿರಿದು ಮಾಡಿದರು. ಐದೂವರೆ ಅಡಿಯ ಹೆಂಗಸು ಈ ಲೋಕದಲ್ಲಿ 2.8 ಸೆಂಟಿಮೀಟರ್.

ಡಬ್ಬಿಯನ್ನು ಮಗುಚಿ ನೋಡಿದೆ. ನಮ್ಮಲ್ಲಿ ಕಸೂತಿಯ ಗವಂತಿ, ಮುರಗಿ ಹೊಲಿಗೆಯನ್ನು ಸೆರಗಿನ ಹಿಂಬದಿ ತಿರುಗಿಸಿಯೇ ಪರೀಕ್ಷಿಸುತ್ತೇವಲ್ಲ, ಹಾಗೆ. ಯಾರ ಕಣ್ಣಿಗೂ ಬೀಳದ ತಳದಲ್ಲಿ ಬ್ರೇಕಿನ ಸರಳುಗಳಿವೆ, ಒಂದೂ ಸೊಟ್ಟಗಿಲ್ಲ. ಕಟ್ಟಿಗೆಯ ಡಬ್ಬಿ ಹಗುರ, ತಿರುವಿನಲ್ಲಿ ಹಳಿ ಬಿಟ್ಟು ಹಾರುತ್ತದೆ. ಅದಕ್ಕೆಂದು ನೆಲದೊಳಗೆ ಸೀಸದ ತುಂಡು ಹುದುಗಿಸಿದ್ದಾರೆ. ತೆಳು ಹಲಗೆಗೆ ಒಂದೇ ಬದಿ ಬಣ್ಣ ಬಳಿದರೆ ಬಿಸಿಲಿಗಿಟ್ಟ ಹಪ್ಪಳದಂತೆ ಮುರುಟುತ್ತದೆ, ಎರಡೂ ಬದಿಗೆ ಬಳಿಯಬೇಕು. ಖಾನಾಪುರದ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಟ್ಟಿಗೆಯ ಆಯ್ಕೆಯಲ್ಲೂ ವಿವೇಕವಿದೆ. ಸಾಗವಾನಿಯ ನಾಡಿನವರು ಸಾಗವಾನಿಯನ್ನು ಬಿಟ್ಟಿದ್ದಾರೆ. ದೊಡ್ಡ ಬಾಗಿಲಿಗೆ ಶೋಭೆ ಕೊಡುವ ಅದರ ಎಳೆ ಎರಡೂವರೆ ಮಿಲಿಮೀಟರ್ ಪಟ್ಟಿಯಲ್ಲಿ ಕಂದಕದಂತೆ ಕಾಣುತ್ತದೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರದಂಥ ನುಣುಪಾದ ಮರವೇ ಇಲ್ಲಿ ನಿಜವೆನಿಸುತ್ತದೆ. ಅಸಲಿ ಮರ ಸಣ್ಣದಾದಾಗ ಸುಳ್ಳು ಹೇಳುತ್ತದೆ ಎಂಬುದು ನನಗೆ ಹೊಸ ವಿಷಯ.

ಇನ್ನು ತಕರಾರು. ಆರರಲ್ಲಿ ಐದು ಡಬ್ಬಿಗಳ ಮೈಗೆ ಹಲಗೆ ಪಟ್ಟಿಗಳನ್ನು ಒಂದೊಂದಾಗಿ ಜೋಡಿಸಿ, ಮೊಳೆಯ ತಲೆಗಳನ್ನೂ ಸೂಜಿಯಿಂದ ಒತ್ತಿ ಮೂಡಿಸಿದ್ದಾರೆ. ಕೆಲಸ ಅಪ್ಪಟ. ಆದರೆ ಇದು ಯಾರ ಡಬ್ಬಿ? ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದಲ್ಲಿ ಓಡುತ್ತಿದ್ದ ಹಲಗೆಯ ಡಬ್ಬಿ. ಈ ಹವ್ಯಾಸದ ಪುಸ್ತಕಗಳು ಹೆಚ್ಚಾಗಿ ಅಲ್ಲಿಂದಲೇ ಬರುತ್ತವೆ, ವಿದ್ಯೆಯ ಜೊತೆಗೆ ಡಬ್ಬಿಯೂ ಬಂದುಬಿಟ್ಟಿದೆ. ಖಾನಾಪುರದಲ್ಲಿ ನಾವು ಕಂಡ ಗೂಡ್ಸ್ ಡಬ್ಬಿಗಳ ಮೈ ಉಕ್ಕಿನದು, ತುಕ್ಕಿನ ಬಣ್ಣದ್ದು. ಅಲ್ಲಿ ಕಟ್ಟಿಗೆ ಡಬ್ಬಿಯ ಗೋಡೆಯಲ್ಲಿರಲಿಲ್ಲ, ಡಬ್ಬಿಯ ಹೊಟ್ಟೆಯಲ್ಲಿತ್ತು. ಲೋಂಡಾ, ಅಳ್ನಾವರದ ಕಡೆಯ ಕಾಡಿನ ದಿಮ್ಮಿ, ನಾಟಾ; ಖಾನಾಪುರದ ಜೇಡಿಯಿಂದ ಸುಟ್ಟ ಹೆಂಚು. ಇವರ ಆರೂ ಡಬ್ಬಿಗಳು ಮಾತ್ರ ಖಾಲಿ. ಬಾಗಿಲು ತೆರೆಯುವುದೇ ಇಲ್ಲ.

ಮೈಮೇಲಿನ ಬರಹವೂ ನನಗೆ ಒಪ್ಪಿಗೆಯಾಗಲಿಲ್ಲ. ಮೂರರ ಮೇಲೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ಕಂಪನಿಯ ಅಕ್ಷರ, ಮೂರರ ಮೇಲೆ ದಕ್ಷಿಣ ಮಧ್ಯ ರೈಲ್ವೆಯ ಅಕ್ಷರ. ಆ ಕಂಪನಿ 1951ರಲ್ಲಿ ದಕ್ಷಿಣ ರೈಲ್ವೆಯೊಳಗೆ ಸೇರಿಹೋಯಿತು, ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದ್ದು 1966ರಲ್ಲಿ. ಹೊಸದಾಗಿ ಬಣ್ಣ ಬಳಿದ ಅಜ್ಜಿ ಮೊಮ್ಮಗಳಿಬ್ಬರೂ ಒಂದೇ ವಯಸ್ಸಿನವರಾಗಿ ಒಂದೇ ಗಾಡಿಯಲ್ಲಿ ಹೊರಟಂತಿದೆ. ಹೀಗೆ ಹೇಳಿದಾಗ ಅವರು ನಕ್ಕು, ‘ಯಾರ್ ನೋಡ್ತಾರ್ರಿ ಅಕ್ಕಾರ’ ಎಂದರು. ತಳದ ಸರಳು ಯಾರು ನೋಡುತ್ತಾರೆಂದು ಕೇಳಿಕೊಳ್ಳದೆ ಮಾಡಿದವರ ಬಾಯಲ್ಲಿ ಈ ಮಾತು!

ಹಳೆಯದನ್ನು ಉಳಿಸುವವರ ಕಣ್ಣು ಮೊದಲು ಬೀಳುವುದು ಎಂಜಿನ್ನಿನ ಮೇಲೆ, ಆಮೇಲೆ ರಾಜರಾಣಿಯರ ಬೋಗಿಯ ಮೇಲೆ. ಮೈಸೂರಿನಲ್ಲಿ 1979ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ಎಲ್ಲರೂ ಮುತ್ತಿದ್ದು ಮಹಾರಾಣಿಯ ಸಲೂನನ್ನೇ. ನಾನೂ ಇಣುಕಿದೆ, ಅದು ಬೇರೆ ಮಾತು. ಅಂಥದರಲ್ಲಿ ಗೂಡ್ಸ್ ಡಬ್ಬಿಗೆ ನಾಲ್ಕು ವರ್ಷ ಕೊಟ್ಟವರೆಂದೇ ಇವರ ಮೇಲೆ ನನಗೆ ಹೆಚ್ಚು ಆಸೆ, ಅದಕ್ಕೇ ಹೆಚ್ಚು ಜಗಳ.

ಎಲ್ಲಕ್ಕಿಂತ ದೊಡ್ಡ ಕೊರತೆ ಫಲಾಟಿನದು. ಅಲ್ಲಿ ಗಡಿಯಾರವಿದೆ, ನೀರಿನ ತೊಟ್ಟಿಯಿದೆ, ಮಂದಿ ಇಲ್ಲ. ನಸುಕಿನಲ್ಲಿ ಕಾಡಿನ ಅಂಚಿನಿಂದ ಉರುವಲು ಹೊರೆ ಹೊತ್ತು ಬಂದು ಬೆಳಗಾವಿಯ ಗಾಡಿಗಾಗಿ ಕಾಯುತ್ತಿದ್ದ ಹೆಂಗಸರನ್ನು ನಾನು ಎಷ್ಟು ವರ್ಷ ನೋಡಿದ್ದೇನೆ! ಸಿಂಬಿ ಬಿಚ್ಚಿ ಹಣೆ ಒರೆಸಿಕೊಂಡು, ಗಾಡಿ ಬಂದೊಡನೆ ಒಬ್ಬಳ ಹೊರೆಗೆ ಇನ್ನೊಬ್ಬಳು ಕೈ ಕೊಡುತ್ತಿದ್ದಳು. ಹೆಂಚು ಏರಿಸುವ ಹಮಾಲರು ಇನ್ನೊಂದು ಕಡೆ. ಆ ಸ್ಟೇಷನ್ನಿಗೆ ಖಾನಾಪುರ ಎಂದು ಹೆಸರಿಟ್ಟ ಮೇಲೆ ಇವರನ್ನು ಬಿಡಲು ಬರುವುದಿಲ್ಲ.

‘ಮಂದೀನ್ನ ಮಾಡೂದು ಭಾಳ ಕಠಿಣ ಐತ್ರಿ’ ಎಂದರು. ಇರಬಹುದು. ಈಗ ಏಳನೆಯದಾಗಿ ಒಂದು ತೆರೆದ ಡಬ್ಬಿ ಹಿಡಿದಿದ್ದಾರೆಂದು ಕೇಳಿದೆ. ಅರ್ಧ ಮೀಟರ್ ದಪ್ಪದ ದಿಮ್ಮಿ ಈ ಅಳತೆಯಲ್ಲಿ ಎಂಟು ಮಿಲಿಮೀಟರ್ ಆಗುತ್ತದೆ. ನಮ್ಮ ಹಿತ್ತಲಿನ ದಾಸವಾಳದ ಕಡ್ಡಿ ತೊಗಟೆ ಸಮೇತ ಸರಿಹೊಂದೀತೆಂದು ಒಂದು ಕಟ್ಟು ಒಣಗಿಸಿ ಕಳಿಸಿದ್ದೇನೆ. ಜೊತೆಗೆ ಹಳೆಯ ಇಳಕಲ್ ಸೀರೆಯ ಒಂದು ತುಂಡು, ಹೊರೆಯವರಿಗೆ ಉಡಿಸಲು.