ಗಾನಗೋಷ್ಠಿಯೂ ಪಾನಗೋಷ್ಠಿಯೂ

ಮಹಾಕಾವ್ಯದಲ್ಲಿ ಇರತಕ್ಕ ವರ್ಣನೆಗಳನ್ನು ಎಣಿಸುವಾಗ ದಂಡಿಯು ನಗರ, ಸಮುದ್ರ, ಋತು, ಚಂದ್ರೋದಯಗಳ ಸಾಲಿನಲ್ಲಿಯೇ ಮಧುಪಾನವನ್ನೂ ಸೇರಿಸಿರುವನು. ಕನ್ನಡದ ಆದಿಕವಿಯೂ ಈ ಸಂಪ್ರದಾಯವನ್ನು ಬಿಟ್ಟವನಲ್ಲ. 941ರ ಸುಮಾರಿನಲ್ಲಿ ರಚಿತವಾದ ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ, ಸುಭದ್ರೆಯನ್ನು ಕಂಡು ನಿದ್ದೆಗೆಟ್ಟ ಅರ್ಜುನನು ಇರುಳಿನಲ್ಲಿ ಪುರದ ಬೀದಿಗಳನ್ನು ಸುತ್ತುವಾಗ ಅವನ ಕಣ್ಣಿಗೆ ಬೀಳುವ ನೋಟಗಳಲ್ಲಿ ಪಾನಗೋಷ್ಠಿಯೂ ಒಂದಾಗಿದೆ. ಗೋಷ್ಠಿಯೆಂಬ ಈ ಶಬ್ದವು ಗಮನಾರ್ಹವಾದುದು. ಕಾವ್ಯಗೋಷ್ಠಿ, ಗಾನಗೋಷ್ಠಿ, ಪಾನಗೋಷ್ಠಿ ಎಂಬ ಮೂರಕ್ಕೂ ಉತ್ತರಪದವು ಒಂದೇ. ಸಮಾನಾಭಿರುಚಿಯುಳ್ಳವರು ಒಂದೆಡೆ ಕುಳಿತು ಮಾತನಾಡುವುದೇ ಮೂರರ ಜೀವಾಳವೆಂದು ಹಿಂದಿನವರು ತಿಳಿದಿದ್ದರೆಂದು ಇದರಿಂದ ಊಹಿಸಬಹುದು.

ಮಂಗಳೂರು ನಗರದಲ್ಲಿ ಸ್ನೇಹಿತರ ಗುಂಪೊಂದು ಸಂಜೆ ಸಂಗೀತವನ್ನು ಕೇಳಿ, ಬಳಿಕ ಪಬ್ಬೆಂದು ಕರೆಯಲ್ಪಡುವ ಪಾನಗೃಹದಲ್ಲಿ ಕೆಲಹೊತ್ತು ಕುಳಿತು ಮನೆಗೆ ಮರಳುವುದು ಈಗ ಅಪೂರ್ವವಾದ ಸಂಗತಿಯಲ್ಲ. ಆದರೆ ಸಂಗೀತದ ವಿಷಯವಾಗಿ ಪತ್ರಿಕೆಗಳಲ್ಲಿ ವಿಮರ್ಶೆಯು ಪ್ರಕಟವಾಗುವುದು. ಪಬ್ಬಿನ ವಿಷಯವಾಗಿ ಬರುವುದು ಕೇವಲ ನೀತಿಬೋಧೆ. ಒಂದೇ ಇರುಳನ್ನು ಹೀಗೆ ಎರಡು ತುಂಡಾಗಿ ಕಡಿಯುವುದರಿಂದ ಎರಡರ ಗುಣವೂ ತಿಳಿಯದೆ ಹೋಗುವುದು. ಕೇಳಿದ ಹಾಡುಗಳಲ್ಲಿ ಯಾವುದು ಮನಸ್ಸಿನಲ್ಲಿ ನಿಂತಿತು, ಯಾವುದು ಜಾರಿಹೋಯಿತು ಎಂಬುದು ಚಪ್ಪಾಳೆಯ ಸದ್ದಿನಲ್ಲಿ ಗೊತ್ತಾಗುವುದಿಲ್ಲ. ಸಭೆಯು ಚೆದರಿದ ಮೇಲೆ ಮೇಜಿನ ಸುತ್ತ ಕುಳಿತ ನಾಲ್ವರು ಒಬ್ಬರ ಮಾತನ್ನೊಬ್ಬರು ಕಡಿದು, ಮರೆತ ಪಲ್ಲವಿಯನ್ನು ಜ್ಞಾಪಿಸಿಕೊಂಡು, ಜಗಳವಾಡಿ ನಗುವಾಗ ಅದು ತಾನಾಗಿ ತಿಳಿದುಬರುವುದು. ಬರೆದ ವಿಮರ್ಶೆಗೆ ಈ ಆಡುಮಾತೇ ತಾಯಿ.

ಇದಕ್ಕೆ ಮಂಗಳೂರಿನ ಕೊಂಕಣಿ ಸಂಗೀತ ಸಂಜೆಗಳೇ ಉತ್ತಮ ನಿದರ್ಶನ. 'ಕೊಂಕಣ ಕೋಗಿಲೆ'ಯೆಂದು ಪ್ರಸಿದ್ಧರಾದ ವಿಲ್ಫಿ ರೆಬಿಂಬಸ್ ಅವರು (1942-2010) ತಾವೇ ಪದ ಕಟ್ಟಿ, ತಾವೇ ಧಾಟಿ ಹಾಕಿ, ತಾವೇ ಹಾಡಿದವರು. 'ವಿಲ್ಫಿ ನೈಟ್' ಎಂಬ ಅವರ ಕಾರ್ಯಕ್ರಮಗಳು ಊರಿನಲ್ಲಿಯೂ ಪರದೇಶಗಳಲ್ಲಿಯೂ ನಡೆದವು. ಅವುಗಳ ಹೆಸರಿನಲ್ಲಿಯೇ ರಾತ್ರಿಯಿದೆ. ಶಾಸ್ತ್ರೀಯ ಗಾಯನದ ಅಳತೆಗೋಲನ್ನು ಈ ಹಾಡುಗಳಿಗೆ ಹಿಡಿಯುವುದು ಉಚಿತವಲ್ಲ. ರಾಗವಿಸ್ತಾರವು ಅವುಗಳ ಗುರಿಯಾಗಿರಲಿಲ್ಲ. ಒಮ್ಮೆ ಕೇಳಿದವನು ದಾರಿಯಲ್ಲಿ ಗುನುಗಿಕೊಂಡು ಹೋಗಬೇಕು, ಮನೆಯಲ್ಲಿದ್ದವರಿಗೆ ಹೇಳಿಕೊಡಬೇಕು ಎಂಬುದೇ ಗುರಿ. ಪದಗಳು ಮನೆಮಾತಿನವು, ಧಾಟಿಯು ಸರಳ, ಭಾವವು ಪ್ರೇಮ, ವಿರಹ, ವಿನೋದಗಳದು. ಪತ್ನಿ ಮೀನಾ ರೆಬಿಂಬಸ್ ಅವರು ಅದೇ ವೇದಿಕೆಯಲ್ಲಿ ನಿಂತು ಹಾಡುತ್ತಿದ್ದರು. ಗಂಡಿನ ಪ್ರಶ್ನೆಗೆ ಹೆಣ್ಣು ಉತ್ತರ ಕೊಡುವ ಯುಗಳಗೀತೆಯ ಸೊಗಸನ್ನು ಅನುಭವಿಸಬೇಕಾದರೆ ವೇದಿಕೆಯ ಮೇಲೆ ಮಾತ್ರವಲ್ಲದೆ ಕೇಳುವವರಲ್ಲಿಯೂ ಇಬ್ಬರೂ ಇರಬೇಕು.

ಈ ಪದ್ಧತಿಯು ಹೊರಗಿನಿಂದ ತಂದು ನೆಟ್ಟ ಗಿಡವೇನೂ ಅಲ್ಲ. ಮಂಗಳೂರಿನ ಕ್ಯಾಥೊಲಿಕ್ ಕುಟುಂಬಗಳಲ್ಲಿ ಮದುವೆಯ ಮುಂಚಿನ ರೋಸ್ ಶಾಸ್ತ್ರದಂದು ವಧುವಿಗೂ ವರನಿಗೂ ಅವರವರ ಮನೆಯಲ್ಲಿ ತೆಂಗಿನ ಹಾಲನ್ನು ಹಚ್ಚುವಾಗ ಹೆಂಗಸರು ವೊವಿಯೊಗಳನ್ನು ಹಾಡುವ ಪದ್ಧತಿಯಿದೆ. ಹಾಡೂ ಊಟವೂ ಪಾನೀಯವೂ ಹಾಸ್ಯವೂ ಒಂದೇ ಚಪ್ಪರದ ಅಡಿಯಲ್ಲಿ, ಅಜ್ಜಿಯಿಂದ ಮೊಮ್ಮಗಳವರೆಗಿನವರ ಎದುರಿನಲ್ಲಿ ಸಾಗುತ್ತವೆ. ಅಲ್ಲಿ ಯಾರಾದರೂ ಮಿತಿಮೀರಿದರೆ ತಡೆಯುವವರೂ ಆ ಚಪ್ಪರದವರೇ. ಗೋಷ್ಠಿಗೆ ಇಂತಹ ಸ್ವಯಂಶಾಸನವಿದ್ದರೆ ಕಾವಲುಗಾರನ ಅಗತ್ಯವು ಬೀಳದು.

1986ರಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಂಸ್ಥೆಯು 2008ರ ಜನವರಿ 26 ಮತ್ತು 27ರಂದು ಮಂಗಳೂರಿನಲ್ಲಿ 'ಕೊಂಕಣಿ ನಿರಂತರಿ'ಯನ್ನು ಏರ್ಪಡಿಸಿ 40 ಗಂಟೆಗಳ ಕಾಲ ಎಡೆಬಿಡದೆ ಹಾಡಿಸಿತು. ಗಿನ್ನೆಸ್ ದಾಖಲೆಯೂ ದೊರೆಯಿತು. ಗಂಟೆಗಳ ಲೆಕ್ಕದಿಂದ ರಸವನ್ನು ಅಳೆಯಲಾಗದೆಂಬ ಆಕ್ಷೇಪಕ್ಕೆ ಇಲ್ಲಿ ಎಡೆಯಿದೆ. ಆದರೂ ಸ್ವಂತ ರಾಜ್ಯದಿಂದ ದೂರ, ಹಲವು ಲಿಪಿಗಳಲ್ಲಿ ಹಂಚಿಹೋದ ಒಂದು ಭಾಷೆಯವರು ತಮ್ಮ ಹಾಡಿನ ಭಂಡಾರವು ಒಂದು ಇರುಳಿನಲ್ಲಿ ಮುಗಿಯುವಂತಹುದಲ್ಲವೆಂದು ತೋರಿಸಿಕೊಟ್ಟುದು ಅಲ್ಪವಾದ ಸಾಧನೆಯಲ್ಲ. ಇಂದಿನ ಸಂಗೀತ ಸಂಜೆಗಳಲ್ಲಿ ಬೇರೆ ದೋಷಗಳಿವೆ. ಧ್ವನಿವರ್ಧಕದ ಅಬ್ಬರದಲ್ಲಿ ಸಾಹಿತ್ಯವು ಮುಳುಗುವುದು. ಶಾಲು, ಹಾರ, ಸ್ಮರಣಿಕೆಗಳ ಸಮಾರಂಭವು ಹಾಡುಗಳ ನಡುವೆ ನುಗ್ಗಿ ಕಟ್ಟಿದ ಭಾವವನ್ನು ಕೆಡಿಸುವುದು. ಇವನ್ನು ಸಂಘಟಕರ ಮುಖಕ್ಕೆ ಹೇಳುವವರು ವಿರಳ. ಆ ಬಳಿಕ ಗೆಳೆಯರ ನಡುವೆ ಹೇಳದವರೂ ವಿರಳ.

ಇನ್ನು ಪಾನದ ವಿಷಯ. ಕರಾವಳಿಯ ಸಾಹಿತ್ಯದಲ್ಲಿ ಗಾನವನ್ನೂ ಪಾನವನ್ನೂ ಒಂದೇ ಕಡೆ ತಂದ ಮಹತ್ತ್ವದ ಕೃತಿಯೆಂದರೆ ಶಿವರಾಮ ಕಾರಂತರ 'ಚೋಮನ ದುಡಿ' (1933). ಸ್ವಂತ ಭೂಮಿಯನ್ನು ಉಳಬೇಕೆಂಬ ಒಂದೇ ಆಸೆಯು ಕೈಗೂಡದ ಹೊಲೆಯರ ಚೋಮನಿಗೆ ಉಳಿದುದು ಕಳ್ಳು ಮತ್ತು ದುಡಿ. ಅವನ ದುಡಿಯ ಬಡಿತವು ಕಾಡುಬೆಟ್ಟಗಳಿಗೆ ಕೇಳುವುದು. ಕೇಳಬೇಕಾದ ಧಣಿಗಳ ಮನಸ್ಸಿಗೆ ಮಾತ್ರ ತಾಗದು. ಕೊನೆಗೆ ಅವನು ಒಬ್ಬನೇ ಬಡಿಯುತ್ತಾನೆ. ಕಾರಂತರು ಅಲ್ಲಿ ಚಿತ್ರಿಸಿದುದು ಗೋಷ್ಠಿಯಿಲ್ಲದ ಗಾನವನ್ನು, ಗೋಷ್ಠಿಯಿಲ್ಲದ ಪಾನವನ್ನು. ಕುಡಿತವು ಸಂಸಾರಗಳನ್ನು ಹಾಳುಮಾಡಿದ ಕಥೆಗಳು ಈ ಜಿಲ್ಲೆಯ ಗಡಂಗುಗಳ ಸುತ್ತ ಬೇಕಾದಷ್ಟಿವೆ. 2007ರ ಜುಲೈಯಿಂದ ರಾಜ್ಯದಲ್ಲಿ ಸಾರಾಯಿಯು ನಿಷಿದ್ಧವಾದುದಕ್ಕೆ ಕಾರಣಗಳಿದ್ದುವು. ಅವನ್ನು ಅಲ್ಲಗಳೆಯುವುದು ವಿಮರ್ಶೆಯ ಕೆಲಸವಲ್ಲ. ಆದರೆ ನೋವನ್ನು ಮರೆಯಲು ಒಂಟಿಯಾಗಿ ಕುಡಿಯುವುದಕ್ಕೂ, ಕೇಳಿದ ಹಾಡನ್ನು ನೆನೆಯಲು ನಾಲ್ವರು ಕೂಡುವುದಕ್ಕೂ ಇರುವ ಅಂತರವನ್ನು ಕಾಣದವನು ಚೋಮನ ದುಃಖವನ್ನೂ ಅರಿತವನಲ್ಲ.

ಈ ಅಂತರವನ್ನು ಕಾಣದೆ ಹೋದುದರ ಫಲವು 2009ರ ಜನವರಿ 24ರಂದು ಪ್ರತ್ಯಕ್ಷವಾಯಿತು. ಶ್ರೀರಾಮ ಸೇನೆಯ ಹೆಸರಿನಲ್ಲಿ ಬಂದ ಗುಂಪೊಂದು ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿ ಅಲ್ಲಿದ್ದ ತರುಣಿಯರನ್ನೂ ತರುಣರನ್ನೂ ಹೊಡೆದಟ್ಟಿತು. ಕ್ಯಾಮೆರಾಗಳ ಎದುರಿನಲ್ಲಿ ನಡೆದ ಆ ಹಲ್ಲೆಯನ್ನು ದೇಶವೆಲ್ಲ ದೂರದರ್ಶನದ ಪರದೆಯಲ್ಲಿ ಕಂಡಿತು. ಇರುಳಿನ ಸ್ವೇಚ್ಛಾಚಾರವೆಂದು ಪಬ್ಬನ್ನು ದೂರುವವರು ಈ ಹಲ್ಲೆಯು ಹಾಡುಹಗಲಿನಲ್ಲಿ ನಡೆಯಿತೆಂಬುದನ್ನು ಮರೆಯುತ್ತಾರೆ. ಸಂಸ್ಕೃತಿಯ ರಕ್ಷಣೆಯೆಂಬುದು ಅದಕ್ಕೆ ಕೊಟ್ಟ ಕಾರಣ. ಕೊರಗಜ್ಜನಿಗೆ ಕಳ್ಳು, ಚಕ್ಕುಲಿ, ವೀಳ್ಯಗಳನ್ನು ಭಕ್ತಿಯಿಂದ ಒಪ್ಪಿಸುವ ನಾಡಿನಲ್ಲಿ ಆ ಕಾರಣವು ನಿಲ್ಲುವಂತಹುದಲ್ಲ. 2018ರಲ್ಲಿ ಮಂಗಳೂರಿನ ನ್ಯಾಯಾಲಯವು ಆರೋಪಿಗಳನ್ನು ಖುಲಾಸೆಗೊಳಿಸಿತು. ಕಾನೂನಿನ ಮಟ್ಟಿಗೆ ಅಲ್ಲಿಗೆ ಒಂದು ಅಧ್ಯಾಯವು ಮುಗಿಯಿತು.

ಮುಗಿಯದೆ ಉಳಿದುದು ಬೇರೊಂದು ನಷ್ಟ. ಅಂದಿನ ವಾದವಿವಾದಗಳಲ್ಲಿ ಒಂದು ಪಕ್ಷದವರು ಪಾನವು ಪಾಪವೆಂದರು, ಇನ್ನೊಂದು ಪಕ್ಷದವರು ಪಾನವು ಹಕ್ಕೆಂದರು. ಇಬ್ಬರ ಕಣ್ಣೂ ಲೋಟದ ಮೇಲಿತ್ತು. ಮೇಜಿನ ಸುತ್ತ ಕುಳಿತಿದ್ದವರು ಸ್ನೇಹಿತರೆಂಬ ಮಾತಿಗೆ ಬೆಲೆಯೇ ಬರಲಿಲ್ಲ. ಅಂತಹ ಒಂದು ದಿನದ ಬಳಿಕ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಸಂಗೀತವನ್ನು ಕೇಳಿದ ಕೂಡಲೇ ನೇರವಾಗಿ ಮನೆಗೆ ಬರಬೇಕೆಂಬ ಕಟ್ಟಪ್ಪಣೆಯಾಗುವುದು ಸಹಜ. ಅಪ್ಪಣೆ ಕೊಡುವವರಲ್ಲಿ ಇರುವುದು ಪ್ರೀತಿ ಮತ್ತು ಭಯ. ಆದರೆ ಹಾಗೆ ಬೇಗನೆ ಮರಳಿದವಳ ಅಭಿಪ್ರಾಯವು ಅಂದಿನ ಮಾತಿನಲ್ಲಿ ಸೇರುವುದಿಲ್ಲ. ಯುಗಳಗೀತೆಯ ಅರ್ಧವನ್ನು ಹಾಡಿದವಳ ಮನಸ್ಸನ್ನು ಬಲ್ಲ ಕಿವಿಯೇ ಗೋಷ್ಠಿಯಿಂದ ಎದ್ದುಹೋದಂತಾಯಿತು.

ಆದುದರಿಂದ ಒಂದು ಇರುಳಿನ ಗುಣದೋಷಗಳನ್ನು ತೂಗುವವರು ಗಾಯಕನ ಶ್ರುತಿಶುದ್ಧಿಯ ಜೊತೆಯಲ್ಲಿ ಕೆಲವು ಸಾಮಾನ್ಯ ಪ್ರಶ್ನೆಗಳನ್ನೂ ಕೇಳಬೇಕಾಗಿದೆ. ಜೊತೆಯಲ್ಲಿ ಹೋದವರೆಲ್ಲರೂ ಕೊನೆಯವರೆಗೆ ಜೊತೆಯಲ್ಲಿದ್ದರೆ? ಮಾತನಾಡಬೇಕಾದವರೆಲ್ಲರೂ ಮಾತನಾಡಿದರೆ? ಕುಡಿದವನಿಂದ ಕುಡಿಯದವರಿಗೆ ತೊಂದರೆಯಾಗಲಿಲ್ಲವೆ? ಮನೆಯ ಬಾಗಿಲು ತೆರೆದವರಿಗೆ, ಆ ಅಪರಾತ್ರಿಯಲ್ಲಿಯೂ, ಒಂದು ಪಲ್ಲವಿಯನ್ನು ಹಾಡಿ ತೋರಿಸುವಷ್ಟು ಉಲ್ಲಾಸವು ಮರಳಿದವರಲ್ಲಿ ಉಳಿದಿತ್ತೆ? ಇವಕ್ಕೆ ಹೌದೆಂಬ ಉತ್ತರವು ದೊರೆತರೆ ಆ ಗೋಷ್ಠಿಯು ಸಫಲವಾಯಿತೆಂದು ತಿಳಿಯಬೇಕು.