ತಪಸ್ಸಲ್ಲ, ತಾಲೀಮು

ಗ್ರೀಕಿನ 'ಅಸ್ಕೇಸಿಸ್'ಗೆ ಕನ್ನಡದಲ್ಲಿ ಏನೆನ್ನಬೇಕು? ಥಟ್ಟನೆ ನಾಲಿಗೆಗೆ ಬರುವುದು 'ತಪಸ್ಸು'. ಇಂಗ್ಲಿಷಿನ 'ಅಸೆಟಿಕ್' ಹುಟ್ಟಿದ್ದು ಈ ಪದದಿಂದಲೇ. ಅದನ್ನು ನಾವು ವಿರಕ್ತ, ಸಂನ್ಯಾಸಿ ಎಂದು ಅನುವಾದಿಸಿಕೊಂಡು, ಅದೇ ದಾರಿಯಲ್ಲಿ ಹಿಂದಕ್ಕೆ ನಡೆದು ಹಳೆಯ ಗ್ರೀಕರಿಗೂ ಕಾವಿ ತೊಡಿಸಿಬಿಡುತ್ತೇವೆ. ನನಗಿದು ಒಪ್ಪಿಗೆಯಿಲ್ಲ.

ಹೋಮರನಲ್ಲಿ ಇದರ ಕ್ರಿಯಾಪದಕ್ಕೂ ವೈರಾಗ್ಯಕ್ಕೂ ಸಂಬಂಧವೇ ಇಲ್ಲ. 'ಇಲಿಯಡ್'ನ ಮೂರನೆಯ ಪುಸ್ತಕದಲ್ಲಿ, ಸ್ಪಾರ್ಟದಲ್ಲಿದ್ದಾಗ ಹೆಲೆನ್‌ಗಾಗಿ ಉಣ್ಣೆಯ ಕೆಲಸ ಮಾಡುತ್ತಿದ್ದ ಮುದುಕಿಯೊಬ್ಬಳ ಪ್ರಸ್ತಾಪವಿದೆ. ನಾಲ್ಕನೆಯದರಲ್ಲಿ ಕುಶಲಕರ್ಮಿಯೊಬ್ಬ ಕಾಡುಮೇಕೆಯ ಕೊಂಬುಗಳನ್ನು ನಯಮಾಡಿ, ಜೋಡಿಸಿ ಬಿಲ್ಲು ಮಾಡುತ್ತಾನೆ. ಎರಡೂ ಕಡೆ ಇದೇ ಕ್ರಿಯಾಪದ. ನಮ್ಮ 'ಹದಗೊಳಿಸು' ಅಲ್ಲಿ ಸಲೀಸಾಗಿ ಕೂರುತ್ತದೆ. ಆಮೇಲೆ ಆ ಹದ ಕ್ರೀಡಾಪಟುವಿನ ಮೈಗೆ ಬಂತು, ತತ್ತ್ವಜ್ಞಾನಿಯ ಮನಸ್ಸಿಗೆ ಬಂತು. ಮಠದ ವಾಸನೆ ಗಟ್ಟಿಯಾಗಿ ಅಂಟಿದ್ದು ಕ್ರೈಸ್ತ ಸಂನ್ಯಾಸಿಗಳ ಕಾಲದಲ್ಲಿ.

ಹಾಗಾಗಿ ನನ್ನ ಓಟು 'ತಾಲೀಮಿ'ಗೆ. ಅರಬ್ಬಿಯಿಂದ ಬಂದ ಈ ಪದ ನಮ್ಮಲ್ಲಿ ನಾಟಕದವರದೂ ಹೌದು, ಪೈಲ್ವಾನರದೂ ಹೌದು. ಪುಣೆಯಲ್ಲಿರುವವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ಲಿನ ಹಳೆಯ ಗರಡಿಗಳಿಗೆ ಇಂದಿಗೂ ತಾಲೀಮ್ ಎಂದೇ ಹೆಸರು. ಬೆವರು, ದಿನಚರಿ, ಮಾಡಿ ಮಾಡಿ ಮೈಗೂಡಿಸಿಕೊಳ್ಳುವುದು, ಎಲ್ಲವೂ ಈ ಪದದಲ್ಲಿದೆ. 'ಅಭ್ಯಾಸ' ಯಾಕಾಗದು ಎಂದರೆ, ಸಿಗರೇಟು ಸೇದುವುದಕ್ಕೂ ಅದನ್ನೇ ಬಳಸಿ ಸವೆಸಿದ್ದೇವೆ.

ಆದರೆ ಒಂದು ಕಡೆ ತಾಲೀಮೂ ಕೈಕೊಡುತ್ತದೆ. ತಾಲೀಮಿನ ಕೊನೆಗೆ ರಂಗವೋ ಕಣವೋ ಇದ್ದೇ ಇರುತ್ತದೆ, ನೋಡುವವರಿರುತ್ತಾರೆ. ಗುಲಾಮನಾಗಿದ್ದು ತತ್ತ್ವಜ್ಞಾನಿಯಾದ ಎಪಿಕ್ಟೀಟಸ್ ಈ ವಿಷಯಕ್ಕೇ ಮೀಸಲಾದ ಉಪನ್ಯಾಸದಲ್ಲಿ ಹಗ್ಗದ ಮೇಲೆ ನಡೆಯುವಂಥ, ವಿಗ್ರಹಗಳನ್ನು ತಬ್ಬುವಂಥ ಸಾಹಸಗಳನ್ನು ತಳ್ಳಿಹಾಕುತ್ತಾನೆ. (ಡಯೋಜಿನಿಸ್ ಚಳಿಗಾಲದಲ್ಲಿ ಹಿಮ ಮೆತ್ತಿದ ವಿಗ್ರಹಗಳನ್ನು ಅಪ್ಪಿಕೊಳ್ಳುತ್ತಿದ್ದನಂತೆ.) ಕೊನೆಗೆ ಅಪೊಲೋನಿಯಸ್ ಎಂಬವನ ಸಲಹೆಯೊಂದನ್ನು ನೆನೆಯುತ್ತಾನೆ. ಬಿಸಿಲಲ್ಲಿ ಬಾಯಾರಿದಾಗ ಬಾಯಿತುಂಬ ತಣ್ಣೀರು ತೆಗೆದುಕೊಂಡು ಉಗುಳಬೇಕು, ಆಮೇಲೆ ಅದನ್ನು ಯಾರಿಗೂ ಹೇಳಬಾರದು.

ಬೆಳಗಿನ ಓಟ ಮುಗಿಸಿ, ಏದುಸಿರು ನಿಲ್ಲುವ ಮೊದಲೇ ಕಿಲೋಮೀಟರುಗಳ ಲೆಕ್ಕವನ್ನು ವಾಟ್ಸಾಪ್ ಗುಂಪಿಗೆ ಹಾಕುವ ನನಗೆ ನೀರು ಉಗುಳುವುದು ಸುಲಭ, ಆ ಕೊನೆಯ ಷರತ್ತೇ ಕಷ್ಟ. ಅದನ್ನೂ ಒಳಗೊಳ್ಳುವ ಕನ್ನಡ ಪದ ಬೇಕು. 'ಸಾಧನೆ' ಹತ್ತಿರ ಬರುತ್ತಿತ್ತು, ಅದನ್ನು ಸನ್ಮಾನಪತ್ರಗಳು ಎತ್ತಿಕೊಂಡು ಹೋಗಿವೆ. ಸಂಗೀತದವರು 'ಸಾಧಕ ಮಾಡುತ್ತಿದ್ದೇನೆ' ಅನ್ನುತ್ತಾರಲ್ಲ, ಆ ಪದವನ್ನು ಅವರಿಂದ ಕಡ ತರಬಹುದೇನೋ. ಬೆಳಗಿನ ಜಾವ ಬಾಗಿಲು ಹಾಕಿಕೊಂಡು, ಕೇಳುವವರಿಲ್ಲದೆ ಮಾಡುವಂಥದ್ದು ಅದು.